ಕಾಫಿ ಹೊಟ್ಟು, ಅಣಬೆ ಎಳೆ: ಊರಹಬ್ಬಕ್ಕೆ ಯಾವ ತಿಂಗಳು ಸೂಕ್ತ?

ಪ್ರಶ್ನೆ, ವಿರಾಜಪೇಟೆಯಿಂದ:
ನಮ್ಮ ಊರಿನ ಯುವಕ ಸಂಘವು ಈ ವರ್ಷ ಜೀವಂತ ವಸ್ತುಗಳಿಂದ ಬಳಕೆಯ ಸಾಮಾನು ರೂಪಿಸುವುದನ್ನು ಎಲ್ಲರೂ ಕೈಯಾರೆ ಕಲಿಯುವ ಎರಡು ದಿನಗಳ ಹಬ್ಬವನ್ನು ಏರ್ಪಡಿಸಬೇಕೆಂದಿದೆ. ಕಾಫಿ ಹೊಟ್ಟಿನ ಮೇಲೆ ಅಣಬೆಯ ಬಿಳಿ ಎಳೆಗಳನ್ನು, ಅಂದರೆ ಮೈಸೀಲಿಯಂ ಅನ್ನು, ಹಬ್ಬಿಸಿ ಥರ್ಮಾಕೋಲ್‌ಗೆ ಬದಲಾಗಿ ಬಳಸಬಹುದಾದ ಗಟ್ಟಿಗಳನ್ನು ಮಾಡುವುದು ಮುಖ್ಯ ಯೋಚನೆ. ಹೊರಗಿರುವವರು ಊರಿಗೆ ಬರುವುದರಿಂದ ಸೆಪ್ಟೆಂಬರ್‌ನಲ್ಲಿ ಬರುವ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ಹೊತ್ತೇ ಸೂಕ್ತವೆಂದು ಹಲವರ ಅಭಿಪ್ರಾಯ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ, ಪೊನ್ನಂಪೇಟೆಯಿಂದ:
ಸೆಪ್ಟೆಂಬರ್ ಬೇಡವೆಂದು ಒತ್ತಿ ಹೇಳುತ್ತೇನೆ. ಮಳೆಗಾಲದಲ್ಲಿ ನಾನು ಹಾಕಿದ ಹತ್ತು ಅಚ್ಚುಗಳಲ್ಲಿ ಏಳಕ್ಕೆ ವಾರದೊಳಗೆ ಹಸಿರು ಬೂಷ್ಟು ಹಿಡಿಯಿತು. ಉಳಿದವು ಒಣಗದೆ ಅಂಚಿನಲ್ಲಿ ಅಣಬೆ ಮೊಗ್ಗು ಬಿಟ್ಟವು. ರೊಬಸ್ಟಾ ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಚೆರಿ (ಸಿಪ್ಪೆ ಸಮೇತದ ಕಾಫಿ ಹಣ್ಣು) ಮಿಲ್ಲಿಗೆ ಹೋಗಿ, ಹೊಟ್ಟು ಧಾರಾಳವಾಗಿ ಸಿಗುವ ಮಾರ್ಚ್ ತಿಂಗಳು ಒಳ್ಳೆಯದು.

ಹೊಟ್ಟನ್ನು ರಾತ್ರಿಯಿಡೀ ನೆನೆಸಿ, ಒಂದು ಗಂಟೆ ಕುದಿಸಿ, ಆರಲು ಹರಡಿ. ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿಯಿಂದ ಒಂದೆರಡು ಹನಿ ಮಾತ್ರ ಜಿನುಗಬೇಕು. ಧಾರೆಯಾಗಿ ಸುರಿದರೆ ಬೂಷ್ಟು ಖಂಡಿತ. ನಂತರ ಚಿಪ್ಪಣಬೆಯ ಬೀಜವನ್ನು, ಅಂದರೆ ಕಾಳಿನ ಮೇಲೆ ಬೆಳೆಸಿದ ಅಣಬೆ ಎಳೆಯನ್ನು, ತೊಳೆದ ಕೈಯಿಂದ ಬೆರೆಸಿ, ಅಚ್ಚಿಗೆ ಒತ್ತಿ, ಕತ್ತಲಲ್ಲಿಡಿ. ಸುಮಾರು 25 ಡಿಗ್ರಿ ಉಷ್ಣತೆಯಲ್ಲಿ ಎರಡು ವಾರಗಳ ಹೊತ್ತಿಗೆ ಅಚ್ಚೆಲ್ಲ ಬೆಳ್ಳಗಾಗುತ್ತದೆ. ಹಾಗಾಗಿ ಹಬ್ಬದ ದಿನ ಅಚ್ಚು ತುಂಬಿಸಿದರೆ ಬಂದವರಿಗೆ ಏನೂ ಕಾಣಿಸದು; ಬೇರೆ ಬೇರೆ ಹಂತದ ಅಚ್ಚುಗಳನ್ನು ಮೂರು ವಾರ ಮೊದಲಿನಿಂದಲೇ ಹಾಕುತ್ತ ಬರಬೇಕು.

ಉತ್ತರ, ಮಡಿಕೇರಿಯಿಂದ:
ಮೇಲಿನವರ ಮಾತು ಸರಿ. ಆದರೆ ಹಬ್ಬವು ಗಟ್ಟಿಗಳಿಗೇ ನಿಲ್ಲಬಾರದೆಂದು ನನ್ನ ವಿನಂತಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದನ್ನು ಕಂಡ ನಮಗೆ ಬೇರುಗಳೂ ವಿನ್ಯಾಸವೇ. ಮೇಘಾಲಯದವರು ರಬ್ಬರ್ ಅತ್ತಿಯ ಬೇರುಗಳನ್ನು ದಶಕಗಳ ಕಾಲ ಹೆಣೆದು ಜೀವಂತ ಸೇತುವೆಗಳನ್ನು ಬೆಳೆಸುತ್ತಾರೆ. ನಾವು ಕನಿಷ್ಠ ಒಂದು ಇಳಿಜಾರಿನಲ್ಲಿ ಲಾವಂಚದ ಸಾಲು ನೆಡುವುದನ್ನು ಕಲಿಸಬಹುದು. ಅದು ಮೇಲ್ಮಣ್ಣನ್ನು ಹಿಡಿಯುತ್ತದೆಯೇ ಹೊರತು ಆಳದ ಕುಸಿತವನ್ನು ತಡೆಯದು. ಇದನ್ನು ಮಕ್ಕಳಿಗೂ ಸ್ಪಷ್ಟವಾಗಿ ಹೇಳಿ. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ನಿಮ್ಮ ಊರಿನಲ್ಲೂ ಇರಬಹುದು; ಅಲ್ಲಿಂದ ಒಂದು ಎಲೆಯನ್ನೂ ತರಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹಬ್ಬವನ್ನು ಮಾರ್ಚ್‌ಗೆ ಮುಂದೂಡಲು ಸಭೆಯಲ್ಲಿ ಹೇಳುತ್ತೇನೆ. ಬೆಳೆದ ಗಟ್ಟಿಗಳನ್ನು ಒಣಗಿಸಲು ಒಲೆ ಬೇಕೇ, ಕಾಫಿ ಕಣ ಸಾಲದೇ?

ಪೊನ್ನಂಪೇಟೆಯಿಂದ:
ಮೊದಲು ಕಣದ ಬಿಸಿಲಿನಲ್ಲಿ ಹಗುರವಾಗುವವರೆಗೆ ಒಣಗಿಸಿ. ಬಳಿಕ ಬೇಕರಿಯವರ ಒಲೆ ಆರುತ್ತಿರುವಾಗ ಕೆಲವು ಗಂಟೆ ಒಳಗಿಟ್ಟರೆ ಅಣಬೆ ಪೂರ್ತಿ ಸತ್ತು ಬೆಳವಣಿಗೆ ನಿಲ್ಲುತ್ತದೆ.