1613 ಲಾರಿಯ ಕ್ರ್ಯಾಂಕ್ ಡ್ಯಾಂಪರ್ ಓಲಾಡುತ್ತಿದೆ: ವೆಲ್ಡಿಂಗ್ ಮಾಡಿಸಬಹುದೇ, ಹೊಸದೇ ಬೇಕೇ?

ನೆಲಮಂಗಲ ಲಾರಿ:

ನನ್ನದು ಹಳೆಯ ಟಾಟಾ 1613, ಕಮ್ಮಿನ್ಸ್ 6ಬಿಟಿ ಎಂಜಿನ್. ಯಶವಂತಪುರದ ಟ್ರಕ್ ಟರ್ಮಿನಲ್‌ನಲ್ಲಿ ಲೋಡ್ ಹಿಡಿದು ಹಾಸನ, ಮಂಗಳೂರು ಕಡೆಗೆ ಓಡುತ್ತದೆ. ಈಚೆಗೆ ಫ್ಯಾನ್ ಬೆಲ್ಟ್ ಬಾಳಿಕೆಯೇ ಬರುತ್ತಿಲ್ಲ. ಹೊಸದು ಹಾಕಿದರೂ ಒಂದೇ ಅಂಚು ನೂಲು ನೂಲಾಗಿ ಬಿಚ್ಚಿಕೊಳ್ಳುತ್ತದೆ, ಮುಂಭಾಗವೆಲ್ಲ ಕಪ್ಪು ಪುಡಿ. ಶಿರಾಡಿ ಘಾಟಿಯಲ್ಲಿ ಬೆಲ್ಟ್ ಹಾರಿದರೆ ಏನಾಗುತ್ತದೆಂದು ಇಲ್ಲಿರುವವರಿಗೆ ನಾನು ಹೇಳಬೇಕಾಗಿಲ್ಲ. ವಾಟರ್ ಪಂಪ್ ನಿಲ್ಲುತ್ತದೆ, ಡೈನಮೋ ನಿಲ್ಲುತ್ತದೆ. ಏರ್ ಕಂಪ್ರೆಸರ್ ಗೇರಿನಿಂದ ಓಡುವುದರಿಂದ ಬ್ರೇಕ್ ಉಳಿಯುತ್ತದೆ, ಅಷ್ಟೇ ಪುಣ್ಯ.

ಎಂಜಿನ್ ಚಾಲೂ ಇಟ್ಟು ಟಾರ್ಚ್ ಹಾಕಿ ನೋಡಿದರೆ ಕ್ರ್ಯಾಂಕ್ ಪುಲ್ಲಿ, ಅಂದರೆ ಎಂಜಿನ್ನಿನ ಕ್ರ್ಯಾಂಕ್ ದಂಡದ ಮುಂದಿನ ತುದಿಯಲ್ಲಿರುವ ಡ್ಯಾಂಪರ್, ಬೆಂಡಾದ ಸೈಕಲ್ ರಿಮ್ಮಿನಂತೆ ಓಲಾಡುತ್ತಿದೆ. ಹಬ್ಬಿಗೂ ಹೊರಗಿನ ರಿಂಗಿಗೂ ನಡುವಿನ ರಬ್ಬರ್ ಅಲ್ಲಲ್ಲಿ ಬಿರುಕು ಬಿಟ್ಟು ಹೊರಗೆ ಇಣುಕುತ್ತಿದೆ. ಗ್ಯಾರೇಜಿನವರು "ನಾಲ್ಕು ಕಡೆ ವೆಲ್ಡಿಂಗ್ ಹೊಡೆಸಿ ಲೇತ್‌ನಲ್ಲಿ ಸಮ ಮಾಡಿಸೋಣ, ಇನ್ನು ಅಲುಗಾಡುವ ಮಾತೇ ಇಲ್ಲ" ಎನ್ನುತ್ತಾರೆ. ಶಿವಾಜಿನಗರದಲ್ಲಿ ಹಳೆಯದು ಸಿಗುತ್ತದೆ ಎನ್ನುವವರೂ ಇದ್ದಾರೆ. ಜೆ.ಸಿ. ರಸ್ತೆಯಲ್ಲಿ ಹೊಸದರ ಬೆಲೆ ಕೇಳಿ ಸುಮ್ಮನೆ ಹಿಂದಿರುಗಿದೆ. ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್) ಖರ್ಚು ಬೇರೆ ಎದುರಿಗಿದೆ. ಏನು ಮಾಡಲಿ?

ಪೀಣ್ಯ ಎಂಜಿನ್ ಕೆಲಸ:

ವೆಲ್ಡಿಂಗ್ ಎಂದವರ ಕೈಗೆ ಗಾಡಿ ಕೊಡಬೇಡಿ. ಕೋಪಕ್ಕೆ ಹೇಳುತ್ತಿಲ್ಲ, ತುಂಡಾದ ಕ್ರ್ಯಾಂಕ್‌ಗಳನ್ನು ಕೈಯಾರೆ ಇಳಿಸಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಅದನ್ನು ಬರೀ ಪುಲ್ಲಿ ಎಂದು ನೋಡುವುದರಿಂದಲೇ ಈ ಯೋಚನೆ ಬರುತ್ತದೆ. ಕ್ರ್ಯಾಂಕಿನ ನಡುಕ ತಗ್ಗಿಸುವುದೇ ಡ್ಯಾಂಪರ್ ಕೆಲಸ. ಆರು ಸಿಲಿಂಡರ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬರುವಷ್ಟರಲ್ಲಿ ಮೂರು ಸಲ ಫೈರಿಂಗ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲಿ ಡೀಸೆಲ್ ಉರಿಯುತ್ತದೆ. 2000 ಆರ್‌ಪಿಎಂ ಎಂದರೆ ಸೆಕೆಂಡಿಗೆ 100 ಏಟು. ಪ್ರತಿ ಏಟಿಗೂ ಕ್ರ್ಯಾಂಕ್ ಕೂದಲೆಳೆಯಷ್ಟು ತಿರುಚಿಕೊಂಡು ಮತ್ತೆ ಸರಿಯಾಗುತ್ತದೆ. ಹಿಂದಿನ ತುದಿಯನ್ನು ಫ್ಲೈವೀಲ್‌ನ ಭಾರ ಹಿಡಿದಿರುತ್ತದೆ, ಹಾಗಾಗಿ ನಡುಕವೆಲ್ಲ ಮುಂದಿನ ತುದಿಗೆ ಬರುತ್ತದೆ. ಅಲ್ಲಿ ಕುಳಿತ ಭಾರದ ರಿಂಗ್ ಹಬ್ಬಿಗಿಂತ ತುಸು ಹಿಂದೆ ಮುಂದೆ ಎಳೆದಾಡುತ್ತದೆ, ನಡುವಿನ ರಬ್ಬರ್ ಆ ನಡುಕವನ್ನು ಶಾಖವಾಗಿ ತಿಂದುಹಾಕುತ್ತದೆ. ರಿಂಗನ್ನು ಹಬ್ಬಿಗೆ ಬೆಸೆದರೆ ಓಲಾಟ ನಿಲ್ಲುತ್ತದೆ, ನಿಜ. ಜೊತೆಗೆ ಡ್ಯಾಂಪರ್ ಮಾಡುವ ಕೆಲಸವೂ ನಿಲ್ಲುತ್ತದೆ, ಕ್ರ್ಯಾಂಕಿನ ಮೂತಿಗೆ ಸತ್ತ ಕಬ್ಬಿಣ ನೇತುಹಾಕಿದಂತಾಗುತ್ತದೆ. ಬೆಲ್ಟ್ ಉಳಿಯಿತೆಂದು ನೀವು ನೆಮ್ಮದಿಯಿಂದ ಇರುವಾಗ ಒಳಗೆ ಕ್ರ್ಯಾಂಕಿಗೆ ಸುಸ್ತು ಏರುತ್ತಿರುತ್ತದೆ.

ಮೊದಲು ಪರೀಕ್ಷೆ ಮಾಡಿ. ಹಬ್ಬಿನ ಮೇಲೆ ಒಂದು ಗೆರೆ, ರಿಂಗಿನ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು ಗೆರೆ ಇರುತ್ತದೆ. ಗ್ರೀಸು ಮಣ್ಣು ಕಟ್ಟಿ ಮುಚ್ಚಿಹೋಗಿರುತ್ತದೆ, ಒಣ ಬಟ್ಟೆಯಿಂದ ಉಜ್ಜಿದರೆ ಕಾಣುತ್ತದೆ. ಡೀಸೆಲ್ ಸುರಿದು ತೊಳೆಯಬೇಡಿ, ರಬ್ಬರ್ ಊದಿಕೊಳ್ಳುತ್ತದೆ. ಎರಡು ಗೆರೆಗಳ ನಡುವೆ 1.59 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಂದರೆ ಇಂಚಿನ ಹದಿನಾರನೇ ಒಂದು ಭಾಗ ಮೀರಿದ್ದರೆ, ರಿಂಗ್ ಜಾರಿದೆ ಎಂದೇ ಅರ್ಥ. ರಬ್ಬರ್ ತುಂಡು ಕಿತ್ತುಬಂದಿದ್ದರೂ, ಕಬ್ಬಿಣದ ಮಟ್ಟಕ್ಕಿಂತ 3.18 ಮಿ.ಮೀ.ಗಿಂತ ಹೆಚ್ಚು ಒಳಗೆ ಹೋಗಿದ್ದರೂ ಬದಲಿಸಲೇಬೇಕು. ಗೆರೆ ಸಿಗದಿದ್ದರೆ ಬಿಳಿ ಪೇಂಟಿನಲ್ಲಿ ಹಬ್ಬಿನಿಂದ ರಿಂಗಿನವರೆಗೆ ಒಂದು ಗೆರೆ ಎಳೆಯಿರಿ. ಲೋಡ್ ಹೊತ್ತು ನೆಲಮಂಗಲದಿಂದ ಕುಣಿಗಲ್‌ವರೆಗೆ ಹೋಗಿ ಬಂದ ಮೇಲೆ ಆ ಗೆರೆ ತುಂಡಾಗಿದೆಯೇ ನೋಡಿ.

ಕಲಾಸಿಪಾಳ್ಯ ಬಿಡಿಭಾಗ:

ಮೇಲಿನವರು ಹೇಳಿದ್ದು ಸರಿ. ಹಳೆಯ ಮಾಲಿನ ಬಗ್ಗೆ ಒಂದು ಮಾತು. ಗೇರ್‌ಬಾಕ್ಸ್, ಆಕ್ಸಲ್‌ಗಳನ್ನು ಗುಜರಿಯಲ್ಲಿ ಧೈರ್ಯವಾಗಿ ಕೊಳ್ಳಬಹುದು, ಬಿಚ್ಚಿ ನೋಡಿದರೆ ಒಳಗಿನ ಸ್ಥಿತಿ ಗೊತ್ತಾಗುತ್ತದೆ. ರಬ್ಬರಿನ ವಯಸ್ಸು ಕಣ್ಣಿಗೆ ಕಾಣುವುದಿಲ್ಲ. ಕಪ್ಪು ಪೇಂಟ್ ಹೊಡೆದು ಇಟ್ಟಿದ್ದರಂತೂ ಮುಟ್ಟಲೇಬೇಡಿ. ಹೊಸದು ಕೊಳ್ಳುವಾಗ ಗಾಡಿಯ ಮಾಡೆಲ್ ಹೇಳಿದರೆ ಸಾಲದು, ಎಂಜಿನ್ ಪ್ಲೇಟಿನ ನಂಬರ್ ಬರೆದುಕೊಂಡು ಹೋಗಿ. ಅಂಗಡಿಯಲ್ಲಿ ಹಳೆಯದನ್ನು ಪಕ್ಕದಲ್ಲಿಟ್ಟು ಬೋಲ್ಟ್ ತೂತು, ಬೆಲ್ಟ್ ಕೂರುವ ತೋಡು, ದಪ್ಪ ಎಲ್ಲವನ್ನೂ ಹೋಲಿಸಿ.

ನೆಲಮಂಗಲ ಲಾರಿ:

ಉಜ್ಜಿ ನೋಡಿದೆ. ಗೆರೆಗಳ ನಡುವೆ ಹೆಬ್ಬೆರಳು ಹಿಡಿಸುವಷ್ಟು ಅಂತರವಿದೆ! ಹೊಸದೇ ಹಾಕಿಸುತ್ತೇನೆ. ಬಿಚ್ಚಲು ಪುಲ್ಲರ್ ಬೇಕೇ? ಜೊತೆಗೆ ಬೇರೆ ಏನು ಬದಲಿಸಲಿ?

ಪೀಣ್ಯ ಎಂಜಿನ್ ಕೆಲಸ:

ಈ ಎಂಜಿನ್‌ಗೆ ಪುಲ್ಲರ್ ಬೇಡ. ಪ್ರೆಸ್ ಮಾಡಿ ಕೂರಿಸಿದ್ದಲ್ಲ, ಕ್ರ್ಯಾಂಕಿನ ಮುಖಕ್ಕೆ ನಾಲ್ಕು ಬೋಲ್ಟ್‌ಗಳಲ್ಲಿ ಕೂತಿರುತ್ತದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಎಳೆದು ಬೆಲ್ಟ್ ತೆಗೆಯಿರಿ, ಕ್ರ್ಯಾಂಕ್ ತಿರುಗದಂತೆ ಫ್ಲೈವೀಲ್ ಕಡೆಯಿಂದ ಹಿಡಿಸಿ ಬೋಲ್ಟ್ ಬಿಚ್ಚಿ. ತುಕ್ಕಿಗೆ ಅಂಟಿಕೊಂಡಿದ್ದರೂ ರಿಂಗಿಗೆ ಸುತ್ತಿಗೆ ಏಟು ಬೇಡ. ಕ್ರ್ಯಾಂಕಿನ ಮುಖವನ್ನು ಚೊಕ್ಕವಾಗಿ ಒರೆಸಿ. ಅಲ್ಲಿ ಒಂದು ಚೂರು ತುಕ್ಕು ಕುಳಿತರೂ ಹೊಸ ಡ್ಯಾಂಪರ್ ಹಳೆಯದರ ಹಾಗೆಯೇ ಓಲಾಡುತ್ತದೆ, ಆಮೇಲೆ ಅಂಗಡಿಯವನಿಗೆ ಬೈಗುಳ. ಬೋಲ್ಟ್ ಬಿಗಿ 125 ನ್ಯೂಟನ್ ಮೀಟರ್, ನಮ್ಮವರ ಲೆಕ್ಕದಲ್ಲಿ ಹನ್ನೆರಡೂ ಮುಕ್ಕಾಲು ಕೆ.ಜಿ. ಟಾರ್ಕ್ ರೆಂಚ್ ಇಲ್ಲದೆ ಪೈಪು ಹಾಕಿ ಎಳೆಯುವವರಿದ್ದರೆ ಬೇರೆಯವರನ್ನು ನೋಡಿ.

ಬೆಲ್ಟ್ ಇಲ್ಲದಿರುವಾಗಲೇ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಕರಕರ ಎಂದರೆ, ಅಥವಾ ಹಿಡಿದು ಅಲುಗಿಸಿದಾಗ ಆಡಿದರೆ, ಬೇರಿಂಗ್ ಮುಗಿದಿದೆ. ಓಲಾಡುವ ಡ್ಯಾಂಪರ್ ಜೊತೆ ಓಡಿದ ಟೆನ್ಷನರ್ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಬೆಲ್ಟಿಗೆ ದಾರಿ ತೋರಿಸುವ ಪುಲ್ಲಿಯಾದ ಐಡ್ಲರ್‌ಗೆ ಬರೀ ಬೇರಿಂಗ್ ಸಾಕು. ನಂಬರ್ ಬೇರಿಂಗಿನ ಮೇಲೆಯೇ ಇರುತ್ತದೆ, ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನು ಹಾಕಿಸಿ. ಮುಂದಿನ ಆಯಿಲ್ ಸೀಲ್ ಸೋರುತ್ತಿದ್ದರೆ ಅದನ್ನೂ ಈಗಲೇ ಮುಗಿಸಿ. ರಬ್ಬರ್ ಬೇಗ ಹಾಳಾಗಲು ಆ ಎಣ್ಣೆಯೂ ಕಾರಣ.

ಕಲಾಸಿಪಾಳ್ಯ ಬಿಡಿಭಾಗ:

ಕೊನೆಗೆ ಬೆಲ್ಟ್ ಕಿರುಗುಟ್ಟಿದರೆ ಅದರ ಹಲ್ಲಿನ ಕಡೆ ಸ್ವಲ್ಪ ನೀರು ಚಿಮುಕಿಸಿ, ಕೈ ದೂರವಿರಲಿ. ಸದ್ದು ಆ ಕ್ಷಣಕ್ಕೆ ಅಡಗಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಜೋರಾದರೆ ಬಿಗಿ ಸಾಲದು.

ನೆಲಮಂಗಲ ಲಾರಿ:

ಕೆಲಸ ಮುಗಿಯಿತು. ಡ್ಯಾಂಪರ್, ಟೆನ್ಷನರ್, ಐಡ್ಲರ್ ಬೇರಿಂಗ್, ಸೀಲ್, ಬೆಲ್ಟ್ ಎಲ್ಲವೂ ಹೊಸದು. ಮಂಗಳೂರಿಗೆ ಹೋಗಿ ಬಂದ ಮೇಲೂ ಬೆಲ್ಟಿನ ಎರಡೂ ಅಂಚು ನೀಟಾಗಿವೆ. ಕ್ಯಾಬಿನ್ ಕನ್ನಡಿಯ ನಡುಕವೂ ಕಡಿಮೆಯಾಗಿದೆ ಎಂದು ಡ್ರೈವರ್ ಹೇಳುತ್ತಾನೆ. ಹಳೆಯದನ್ನು ತೂಕಕ್ಕೆ ಹಾಕಲೇ?

ಪೀಣ್ಯ ಎಂಜಿನ್ ಕೆಲಸ:

ಹಾಕಿ. ಅದಕ್ಕೆ ಮೊದಲು ಕಟ್ಟರ್ ಹಿಡಿದು ರಿಂಗನ್ನು ಅಡ್ಡಕ್ಕೆ ಸೀಳಿಸಿ. ಇಲ್ಲವಾದರೆ ಮುಂದಿನ ವಾರವೇ ಕಪ್ಪು ಪೇಂಟ್ ಹೊಡೆದು ಯಾರಿಗಾದರೂ ಮಾರಿಬಿಡುತ್ತಾರೆ.