ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ನುಂಗಿದರೆ ಇಷ್ಟೊಂದು ನಿದ್ದೆ ಯಾಕೆ?

ಪ್ರಶ್ನೆ: ಮುಸ್ಸಂಜೆ

ನನ್ನದು ಮುಟ್ಟು ನಿಲ್ಲುವ ವಯಸ್ಸು. ಈಸ್ಟ್ರೋಜನ್ ಜೆಲ್ ಜೊತೆಗೆ ರಾತ್ರಿ ನುಂಗಲು 100 ಮಿಲಿಗ್ರಾಂ ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬರೆದುಕೊಟ್ಟಿದ್ದಾರೆ. ನುಂಗಿ ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯುತ್ತದೆ. ಓದುತ್ತಿದ್ದ ಪುಸ್ತಕ ಎದೆ ಮೇಲೆ, ದೀಪ ಉರಿಯುತ್ತಲೇ ಇರುತ್ತದೆ. ಒಮ್ಮೆ ಬೇಗ ನುಂಗಿ ಪಾತ್ರೆ ತೊಳೆಯಲು ನಿಂತೆ, ಕುಡಿದವರ ಹಾಗೆ ತೂರಾಡಿದೆ.

ಬಗೆಹರಿಯದ್ದು ಇದು. ಹಿಂದೆ ಬಸುರಿಯಾಗಿದ್ದಾಗ ಇದೇ ಕ್ಯಾಪ್ಸೂಲನ್ನು ಯೋನಿಯೊಳಗೆ ಇಟ್ಟುಕೊಳ್ಳಲು ಹೇಳಿದ್ದರು. ಆಗ ಹೀಗೆ ಆಗಲಿಲ್ಲ. ಆಮೇಲೊಮ್ಮೆ ರಕ್ತಸ್ರಾವ ಜಾಸ್ತಿಯಾಗಿ ಮೆಡ್ರಾಕ್ಸಿಪ್ರೊಜೆಸ್ಟರಾನ್ ನುಂಗಿದ್ದೆ. ಆಗಲೂ ಇಲ್ಲ. ಇನ್ನು ನನ್ನ ತಂಗಿಗೆ ಇದೇ ಕ್ಯಾಪ್ಸೂಲ್ ಕೊಟ್ಟರೆ ನಿದ್ದೆ ಬದಲು ಸಿಡುಕು! ಡಾಕ್ಟರನ್ನು ಕೇಳಿದರೆ "ರಾತ್ರಿ ತಗೊಳ್ಳಿ, ಅಷ್ಟೇ" ಅಂದರು. ನನಗೆ ಅಷ್ಟೇ ಸಾಲದು.

ಉತ್ತರ: ತಣ್ಣೀರು

ನನಗೂ ಹೀಗೇ. ಈ ವಯಸ್ಸಿನಲ್ಲಿ ನಿದ್ದೆ ಬಂದರೆ ಪುಣ್ಯ ಅಲ್ವಾ, ಯಾಕೆ ಕೆದಕುತ್ತೀರಿ?

ಉತ್ತರ: ಹಳೇಮೇಷ್ಟ್ರು

ಕೆದಕಲಿ ಬಿಡಿ, ಒಳ್ಳೆಯ ಪ್ರಶ್ನೆ. ಔಷಧಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ನನ್ನ ವಿದ್ಯಾರ್ಥಿಗಳು ಇಷ್ಟು ನೆಟ್ಟಗೆ ಕೇಳಿದ್ದು ಅಪರೂಪ.

ಮುಸ್ಸಂಜೆಯವರೇ, ನಿಮ್ಮನ್ನು ಮಲಗಿಸುತ್ತಿರುವುದು ಹೆಚ್ಚಾಗಿ ಪ್ರೊಜೆಸ್ಟರಾನ್ ಅಲ್ಲ. ಅದರಿಂದ ಹುಟ್ಟುವ ಅಲೋಪ್ರೆಗ್ನನೊಲೋನ್. ಎರಡು ಹೆಜ್ಜೆಯ ಕೆಲಸ. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಪ್ರೊಜೆಸ್ಟರಾನನ್ನು ಒಮ್ಮೆ ಬದಲಿಸುತ್ತದೆ, ಇನ್ನೊಂದು ಕಿಣ್ವ ಮತ್ತೊಮ್ಮೆ. ಇದು ಲಿವರ್‌ನಲ್ಲೂ ನಡೆಯುತ್ತದೆ, ಮೆದುಳಿನಲ್ಲೂ ನಡೆಯುತ್ತದೆ.

ಮೆದುಳಿನಲ್ಲಿ ಗಾಬಾ ಅಂತ ಒಂದು ರಾಸಾಯನಿಕ ಇದೆ. ನರಕೋಶಗಳ ಗಲಾಟೆ ತಗ್ಗಿಸುವುದು ಅದರ ಕೆಲಸ. ಗಾಬಾ ಬಂದು ಕೂತಾಗ, ನರಕೋಶದ ಹೊದಿಕೆಯಲ್ಲಿ ಬಾಗಿಲಿನಂತಿರುವ ಗಾಬಾ-ಎ ಗ್ರಾಹಕದ ನಡುವಿನ ದಾರಿ ತೆರೆದು ಕ್ಲೋರೈಡ್ ಒಳಗೆ ನುಗ್ಗುತ್ತದೆ, ಕೋಶ ಸುಮ್ಮನಾಗುತ್ತದೆ. ಅಲೋಪ್ರೆಗ್ನನೊಲೋನ್ ಅದೇ ಗ್ರಾಹಕದ ಬೇರೆ ಜಾಗದಲ್ಲಿ ಅಂಟಿಕೊಂಡು ಗಾಬಾದ ಕೈ ಬಲಪಡಿಸುತ್ತದೆ. ಹಲವು ನಿದ್ದೆಮಾತ್ರೆಗಳು, ಮದ್ಯ ಕೆಲಸ ಮಾಡುವುದೂ ಬಹುಮಟ್ಟಿಗೆ ಈ ಗ್ರಾಹಕದ ಮೇಲೇ. ನೀವು ತೂರಾಡಿದ್ದರಲ್ಲಿ ಆಶ್ಚರ್ಯವಿಲ್ಲ. (ಹಾಗಾಗಿಯೇ ಇದರ ಜೊತೆ ಮದ್ಯವಾಗಲಿ ನಿದ್ದೆಮಾತ್ರೆಯಾಗಲಿ ಡಾಕ್ಟರನ್ನು ಕೇಳದೆ ಬೇಡ. ನುಂಗಿದ ಮೇಲೆ ಗಾಡಿ ಓಡಿಸುವುದೂ ಬೇಡ.)

ಇನ್ನು ನಿಮ್ಮ ಒಗಟು. ನುಂಗಿದ ಪ್ರೊಜೆಸ್ಟರಾನ್ ರಕ್ತಕ್ಕೆ ಸೇರುವ ಮೊದಲೇ ಕರುಳು, ಲಿವರ್ ದಾಟಬೇಕು. ಅಲ್ಲಿ ಅದರ ಬಹುಪಾಲು ಬೇರೆ ರೂಪಕ್ಕೆ ತಿರುಗುತ್ತದೆ. ಅದರಲ್ಲಿ ಅಲೋಪ್ರೆಗ್ನನೊಲೋನೂ ಒಂದು. ಯೋನಿಯಲ್ಲಿಟ್ಟರೆ ಲಿವರ್‌ನ ಈ ಮೊದಲ ಸುತ್ತು ತಪ್ಪುತ್ತದೆ, ಮಂಪರೂ ಕಮ್ಮಿ. ಮೆಡ್ರಾಕ್ಸಿಪ್ರೊಜೆಸ್ಟರಾನ್ ಮನುಷ್ಯರು ಮಾಡಿದ ಹಾರ್ಮೋನ್. ಗರ್ಭಕೋಶದಲ್ಲಿ ಪ್ರೊಜೆಸ್ಟರಾನ್ ಥರ ನಡೆದುಕೊಂಡರೂ ಅದು ಅಲೋಪ್ರೆಗ್ನನೊಲೋನ್ ಆಗುವುದಿಲ್ಲ. ಮೂರು ಅನುಭವಕ್ಕೂ ಒಂದೇ ಕಾರಣ ನೋಡಿ.

ಇದೇನು ಹೊಸ ಸಂಗತಿ ಅಲ್ಲ. ಪ್ರೊಜೆಸ್ಟರಾನ್ ಕೊಟ್ಟರೆ ಇಲಿಗಳು ಅರಿವಳಿಕೆ ಕೊಟ್ಟಂತೆ ಬೀಳುತ್ತವೆ ಎಂದು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1941ರಲ್ಲೇ ತೋರಿಸಿದ್ದರು. ಅದು ಗಾಬಾ ಗ್ರಾಹಕದ ಆಟ ಎಂದು ಗೊತ್ತಾಗಲು 1980ರ ದಶಕ ಬರಬೇಕಾಯಿತು.

ಉತ್ತರ: ಬಾಣಂತಿಕೋಣೆ

ಹೆರಿಗೆ ನಂತರದ ಖಿನ್ನತೆಗೂ ಇದಕ್ಕೂ ನಂಟಿದೆ ಅಂತ ಕೇಳಿದ್ದೆ. ನಿಜವಾ ಮೇಷ್ಟ್ರೇ?

ಉತ್ತರ: ಹಳೇಮೇಷ್ಟ್ರು

ನಂಟಿದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಅಲೋಪ್ರೆಗ್ನನೊಲೋನ್ ತುಂಬಾ ಏರಿರುತ್ತದೆ. ಹೆರಿಗೆಯಾಗಿ ಮಾಸು ಹೊರಬಿದ್ದ ಮೇಲೆ ಸರ್ರನೆ ಇಳಿಯುತ್ತದೆ. ಇಳಿತ ಎಲ್ಲರಿಗೂ ಆಗುತ್ತದೆ, ಆದರೆ ಕೆಲವರ ಮೆದುಳು ಆ ಹೊಡೆತಕ್ಕೆ ಹೊಂದಿಕೊಳ್ಳಲು ತಡಬಡಿಸುತ್ತದೆ ಎಂಬುದು ಈಗಿನ ವಿವರಣೆ. ಖಿನ್ನತೆಗೆ ಅದೊಂದೇ ಕಾರಣ ಎಂದು ಮಾತ್ರ ತಿಳಿಯಬೇಡಿ.

ಈ ದಾರಿಯಲ್ಲೇ ಔಷಧಿಯೂ ಬಂತು. ಬ್ರೆಕ್ಸನೊಲೋನ್ ಅಂದರೆ ಅಲೋಪ್ರೆಗ್ನನೊಲೋನೇ. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. 60 ಗಂಟೆ ಡ್ರಿಪ್ ಹಾಕಿಸಿಕೊಂಡು ಮಲಗಿರಬೇಕಿತ್ತು, ಪ್ರಜ್ಞೆ ತಪ್ಪುವ ಭಯಕ್ಕೆ ಪಕ್ಕದಲ್ಲಿ ಕಾವಲು ಬೇಕಿತ್ತು. ಹಸುಗೂಸಿನ ತಾಯಿಗೆ ಎಂಥ ಶಿಕ್ಷೆ! 2023ರಲ್ಲಿ ಬಂದ ಜುರನೊಲೋನ್ ವಾಸಿ. ಅದೇ ಜಾತಿಯ ಕ್ಯಾಪ್ಸೂಲ್, ಸಂಜೆಗೊಮ್ಮೆಯಂತೆ 14 ದಿನ. ಅದನ್ನು ನುಂಗಿದ ಮೇಲೂ 12 ಗಂಟೆ ಗಾಡಿ ಮುಟ್ಟುವಂತಿಲ್ಲ.

ಉತ್ತರ: ಮುಸ್ಸಂಜೆ

ತುಂಬಾ ಉಪಕಾರ ಸಾರ್. ತಂಗಿಯ ಸಿಡುಕಿನ ಮಾತು ಹಾಗೇ ಉಳಿಯಿತು. ಮತ್ತೆ, ರಕ್ತ ಪರೀಕ್ಷೆಯಲ್ಲಿ ಇದು ಎಷ್ಟಿದೆ ಅಂತ ನೋಡಿಸಬಹುದಾ?

ಉತ್ತರ: ಹಳೇಮೇಷ್ಟ್ರು

ಸಿಡುಕಿನ ವಿಷಯ ವಿಚಿತ್ರವೇ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ತೀರಾ ಕಂಗೆಡುವ ಹೆಂಗಸರಿದ್ದಾರಲ್ಲ, ಅವರಲ್ಲಿ ಹಾರ್ಮೋನ್ ಮಟ್ಟ ಸಾಮಾನ್ಯವಾಗಿ ಬೇರೆಯವರಷ್ಟೇ ಇರುತ್ತದೆ. ಅದರ ಏರಿಳಿತಕ್ಕೆ ಅವರ ಮೆದುಳು ಉತ್ತರಿಸುವ ರೀತಿ ಬೇರೆ. ಡುಟಾಸ್ಟರೈಡ್ ಕೊಟ್ಟು, ಆ ಮೊದಲ ಕಿಣ್ವಕ್ಕೆ ತಡೆ ಹಾಕಿ ನೋಡಿದ ಒಂದು ಸಣ್ಣ ಪ್ರಯೋಗದಲ್ಲಿ ಇಂಥವರ ಸಿಡುಕು ತಗ್ಗಿತ್ತು. ಅಂದರೆ ನಿಮ್ಮನ್ನು ಮಲಗಿಸುವ ವಸ್ತುವೇ ಕೆಲವರನ್ನು ಕೆರಳಿಸಬಲ್ಲದು. ನಿಮ್ಮ ತಂಗಿ ಆ ಗುಂಪಿನವರೇ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಮುಟ್ಟಿನ ತಾರೀಖು, ಕ್ಯಾಪ್ಸೂಲ್ ನುಂಗಿದ ದಿನ, ಸಿಡುಕು ಬಂದ ದಿನ ಒಂದೇ ಕಡೆ ಬರೆದಿಟ್ಟು ಡಾಕ್ಟರಿಗೆ ತೋರಿಸಲಿ. ಔಷಧಿ ಬದಲಿಸಬಹುದು, ಕೊಡುವ ದಾರಿಯನ್ನೂ ಬದಲಿಸಬಹುದು.

ಪರೀಕ್ಷೆಗೆ ದುಡ್ಡು ಹಾಕಬೇಡಿ. ಮಾಮೂಲಿ ಲ್ಯಾಬ್‌ಗಳು ಅಳೆಯುವುದು ಪ್ರೊಜೆಸ್ಟರಾನನ್ನು. ಅಲೋಪ್ರೆಗ್ನನೊಲೋನನ್ನು ಸರಿಯಾಗಿ ಅಳೆಯಲು ಮಾಸ್ ಸ್ಪೆಕ್ಟ್ರೊಮೆಟ್ರಿ, ಅಂದರೆ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ವಿಧಾನ ಬೇಕು. ಅಳೆದರೂ ಸಿಗುವುದು ರಕ್ತದ ಲೆಕ್ಕ. ಮೆದುಳು ತಾನೇ ಮಾಡಿಕೊಂಡದ್ದು ಅದರಲ್ಲಿ ಕಾಣುವುದಿಲ್ಲ.

ಅಂದಹಾಗೆ, ಹೊಟ್ಟೆ ತುಂಬಾ ಉಂಡು ನುಂಗುತ್ತೀರಾ? ಊಟದ ಜೊತೆ ಈ ಕ್ಯಾಪ್ಸೂಲ್ ಜಾಸ್ತಿ ಹೀರಲ್ಪಡುತ್ತದೆ.

ಉತ್ತರ: ಮುಸ್ಸಂಜೆ

ಊಟ ಮುಗಿದ ತಕ್ಷಣ ನುಂಗುತ್ತೇನೆ ಸಾರ್! ಮಲಗುವ ಹೊತ್ತಿಗೆ ಜರುಗಿಸಬಹುದಾ ಅಂತ ಡಾಕ್ಟರನ್ನು ಕೇಳುತ್ತೇನೆ. ಪಾತ್ರೆಯಂತೂ ಮೊದಲೇ ತೊಳೆದಿಡುತ್ತೇನೆ.