ಬೀಗಲ್ ಹಡಗಿನ ಮೂತಿ ಹತ್ತಿರ ಪಟ್ಟಿ ಮುರಿಯುತ್ತಿದೆ, ಏನು ಮಾಡಲಿ?

ಹೊಸಬ: ಡಾರ್ವಿನ್ ಹೋಗಿದ್ದ ಬೀಗಲ್ ಹಡಗಿನ ಪುಟ್ಟ ಮಾದರಿ ಕಟ್ಟುವ ಮರದ ಕಿಟ್ ತಗೊಂಡಿದ್ದೇನೆ, ಇದೇ ಮೊದಲು. ಪಕ್ಕೆಲುಬುಗಳೆಲ್ಲ (ಒಳಗಿನ ಅಡ್ಡ ಚೌಕಟ್ಟುಗಳು) ಚೆನ್ನಾಗಿ ಕೂತವು. ಈಗ ಅವುಗಳ ಮೇಲೆ ಹೊದಿಸುವ 1.5 ಮಿ.ಮೀ. ಮರದ ಪಟ್ಟಿ ಮೂತಿಯ ಹತ್ತಿರ ಬಗ್ಗಿಸಿದರೆ ಪಟಕ್ ಅಂತ ಮುರಿಯುತ್ತದೆ. ನಾಲ್ಕು ಹೋದವು. ಇನ್ನೊಂದು, ಹಳೇ ಚಿತ್ರದಲ್ಲಿ ಎರಡೇ ಹಾಯಿಕಂಬ, ಕಿಟ್‌ನಲ್ಲಿ ಮೂರು?

ಮರದಪುಡಿ: ಒಣ ಪಟ್ಟಿ ಬಗ್ಗಿಸುತ್ತಿದ್ದೀರಾ? ಬಿಸಿನೀರಲ್ಲಿ 20 ನಿಮಿಷ ನೆನೆಸಿ, ಬಗ್ಗಿಸಿ, ಬಟ್ಟೆ ಕ್ಲಿಪ್ ಹಾಕಿ ರಾತ್ರಿಯೆಲ್ಲಾ ಬಿಡಿ. ಒಣಗಿದ ಮೇಲೇ ಅಂಟು, ಇಲ್ಲದಿದ್ದರೆ ಮರ ಕುಗ್ಗಿ ಸಂದಿ ಬಿಡುತ್ತದೆ.

ಹಾಯಿಪಟ: ಅದು ಸರಿ, ಆದರೆ ಪಕ್ಕೆಲುಬಿನ ಅಂಚನ್ನು ಪಟ್ಟಿ ಹೋಗುವ ಓರೆಗೆ ಉಪ್ಪುಕಾಗದದಲ್ಲಿ ಉಜ್ಜಿದ್ದೀರಾ? ಉಜ್ಜದಿದ್ದರೆ ಪಟ್ಟಿ ಚೂಪು ಅಂಚಿನ ಮೇಲೆ ಕೂತು ಅಲ್ಲೇ ಮುರಿಯುತ್ತದೆ. ಹೊಟ್ಟೆಗಿಂತ ಮೂತಿ ಕಿರಿದು ಅಲ್ವಾ, ಹಾಗಾಗಿ ಪಟ್ಟಿಯ ತುದಿಯನ್ನೂ ಕಿರಿದು ಮಾಡಬೇಕು, ಆದರೆ ಅರ್ಧಕ್ಕಿಂತ ಕಡಿಮೆ ಬೇಡ. ಎಡಕ್ಕೊಂದು ಬಲಕ್ಕೊಂದು ಸರದಿಯಲ್ಲಿ ಅಂಟಿಸಿ. ನಾನು ಒಂದೇ ಬದಿ ಮುಗಿಸಿ ಹಡಗನ್ನು ಬಾಳೆಹಣ್ಣು ಮಾಡಿದ್ದೆ, ಇನ್ನೂ ಶೋಕೇಸಲ್ಲಿದೆ.
ಕಂಬದ ವಿಷಯ: 1820ರಲ್ಲಿ ನೀರಿಗಿಳಿದಾಗ ಎರಡೇ ಇತ್ತು, 1825ರಲ್ಲಿ ಮೂರನೆಯದು ಸೇರಿಸಿದರು. ಡಾರ್ವಿನ್ ಹತ್ತಿದ್ದು 1831ರಲ್ಲಿ. ಕಿಟ್ ಸರಿಯಾಗೇ ಇದೆ.

ಹೊಸಬ: ಉಜ್ಜೇ ಇರಲಿಲ್ಲ! ಅಂಟಿಸಿದ್ದನ್ನು ಕೀಳಬೇಕಾ?

ಹಾಯಿಪಟ: ಬೇಡ ಮಾರಾಯ್ರೇ. ಮೇಲೆ ಎರಡನೇ ಪದರ ಬರುತ್ತದೆ. ಪುಟ್ಟಿ ತುಂಬಿ ಉಜ್ಜಿ.